ಕೈಗೆ ತಾಗಿದ ಚೆಂಡು

ಪಂದ್ಯದ ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಅದು ಹೊಡೆದುಕೊಳ್ಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೊಡೆದುಕೊಳ್ಳುತ್ತಿತ್ತು. ಮೊದಲ ಎರಡು ಕರೆಗಳನ್ನು ಮಾತ್ರ ಅತ್ತೆ ತೆಗೆದುಕೊಂಡಿದ್ದರು. ಎರಡನೆಯದರಲ್ಲಿ ಕೇಳಿದ ಮಾತನ್ನು ಅವರು ಯಾರಿಗೂ ಹೇಳಲಿಲ್ಲ. ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಬೋರಲು ಹಾಕಿ, ಮೇಲೆ ಒರೆಸುವ ಬಟ್ಟೆ ಮುಚ್ಚಿ, ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದರು.

ಫೋನು ಸೊಸೆಯದು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್. ವಾರದ ಕೊನೆಯಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ ರೆಫರಿ. ಶಾಲೆಯ ಮಕ್ಕಳು ಇಟ್ಟ ಪೀಪಿ ಟೀಚರ್ ಎಂಬ ಹೆಸರು ಬೀದಿಯಲ್ಲೂ ಓಡಾಡುತ್ತಿತ್ತು, ಅವಳಿಗೂ ಅದರಿಂದ ಬೇಸರವಿರಲಿಲ್ಲ. ಸ್ವಂತ ಊರಿನ ತಂಡ ಆಡುವಾಗ ಅವಳನ್ನು ಹಾಕುತ್ತಿರಲಿಲ್ಲ, ಅದು ನಿಯಮ. ಆದರೆ ಆ ಭಾನುವಾರ ಬರಬೇಕಿದ್ದ ರೆಫರಿಯ ರೈಲು ದಾರಿಯಲ್ಲೇ ಕೆಟ್ಟು ನಿಂತಿತು. ಹತ್ತಿರದಲ್ಲಿದ್ದವಳು ಇವಳೊಬ್ಬಳೇ. ಎರಡೂ ತಂಡದವರು ನಮ್ಮದೇನೂ ಅಡ್ಡಿಯಿಲ್ಲ ಎಂದರು. ಹೋಗಬೇಡ ಎಂದವನು ಗಂಡ ಮಾತ್ರ. ಮಾವನಿಗಂತೂ ಹಿಡಿಸಲಾರದಷ್ಟು ಹಿಗ್ಗು. ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಅವರಿಗೆ ಊರಿನ ತಂಡವೆಂದರೆ ಪ್ರಾಣ. ನಮ್ಮ ಮನೆಯ ಪೀಪಿ ನಮ್ಮ ಮೈದಾನದಲ್ಲಿ ಊದುತ್ತದೆ ಎಂದು ಟೀ ಅಂಗಡಿಯವರಿಗೆಲ್ಲ ಹೇಳಿ ಬಂದಿದ್ದರು.

ಮೊದಲರ್ಧದಲ್ಲಿ ಊರಿನ ತಂಡ ಹೊಡೆದ ಚೆಂಡು ಗೋಲಿನ ಮುಂದೆ ಎದುರು ತಂಡದವನೊಬ್ಬನಿಗೆ ತಗುಲಿತು. ಕೈಗೆ ತಾಗಿತು, ಪೆನಾಲ್ಟಿ ಕೊಡಬೇಕು ಎಂದು ಇಡೀ ಮೈದಾನ ಎದ್ದು ನಿಂತಿತು. ಎದೆಗೆ ತಾಗಿದ್ದೆಂದು ಟೀಚರ್ ಆಟ ಮುಂದುವರಿಸಿದಳು. ಎರಡನೇ ಅರ್ಧದಲ್ಲಿ ಒಂದು ಕಾರ್ನರ್. ಎಲ್ಲರ ಕಣ್ಣೂ, ಟಿವಿಯವರ ಕ್ಯಾಮೆರಾಗಳೂ ಮೂಲೆಯಿಂದ ಏಳುತ್ತಿದ್ದ ಚೆಂಡಿನ ಮೇಲಿದ್ದವು. ಆ ಹೊತ್ತಿಗೆ ಊರಿನ ತಂಡದ ಕ್ಯಾಪ್ಟನ್ ಪಕ್ಕದಲ್ಲಿದ್ದ ಎದುರಾಳಿಯ ಕಿವಿಯ ಹಿಂದೆ ಮೊಣಕೈಯಿಂದ ಹೊಡೆದ. ಅವನು ಮೂಟೆಯಂತೆ ಬಿದ್ದ. ನೋಡಿದವಳು ಟೀಚರ್ ಒಬ್ಬಳೇ. ಅವಳು ಕೆಂಪು ಕಾರ್ಡ್ ಎತ್ತಿ ಕ್ಯಾಪ್ಟನ್ನನ್ನು ಹೊರಗೆ ಕಳಿಸಿದಳು. ಊರು ಅವನನ್ನು ಗೋಡೆ ಎಂದು ಕರೆಯುತ್ತಿತ್ತು. ಗೋಡೆಯಿಲ್ಲದೆ ಆಡಿದ ತಂಡ ಒಂದು ಗೋಲಿನಿಂದ ಸೋತಿತು. ಈ ಸಲದ ಲೀಗಿನಲ್ಲಿ ಇನ್ನುಳಿದದ್ದು ಕೆಲವೇ ಪಂದ್ಯ. ಅವುಗಳಲ್ಲೂ ಎಡವಿದರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತಿತ್ತು.

ಆ ಸೋಮವಾರ ಸಂಜೆ ಊಟದ ಮೇಜಿನ ಮೇಲೆ ಮಾವ ಬೇಯಿಸಿದ ಮೊಟ್ಟೆಯೊಂದನ್ನು ಚೆಂಡು ಮಾಡಿಕೊಂಡರು, ಉಪ್ಪಿನ ಡಬ್ಬಿಯನ್ನು ಎದುರಾಳಿ ಮಾಡಿಕೊಂಡರು.

"ಇಲ್ಲಿಂದ ಬಂತು. ಇಲ್ಲಿ ತಾಗ್ತು. ಇದು ಎದೆ ಏನಮ್ಮಾ? ಇದು ಕೈ. ಇಡೀ ಊರಿಗೆ ಕಾಣಿಸ್ತು, ನಿನಗೊಬ್ಬಳಿಗೆ ಕಾಣಿಸ್ಲಿಲ್ಲ."

"ನಾನು ನಿಂತ ಜಾಗದಿಂದ ಕಾಣಿಸಿದ್ದು ಎದೆ, ಮಾವ."

"ಟಿವಿಯಲ್ಲಿ ಇನ್ನೊಂದ್ಸಲ ನೋಡು."

ನೋಡುವುದಿಲ್ಲ ಎಂದಳು. ಪಂದ್ಯ ಮುಗಿದ ವಾರದಲ್ಲಿ ಟಿವಿ ನೋಡಿದರೆ ಮುಂದಿನ ಪಂದ್ಯದಲ್ಲಿ ಕೈ ನಡುಗುತ್ತದೆ ಎಂಬುದು ಅವಳ ಲೆಕ್ಕ. ಹಾಗಾದರೆ ಗೋಡೆಗೆ ಕಾರ್ಡ್ ಕೊಟ್ಟದ್ದು ಏಕೆ, ಅದನ್ನಂತೂ ಯಾರೂ ನೋಡಿಲ್ಲವಲ್ಲ ಎಂದು ಮಾವ ಪಟ್ಟು ಹಿಡಿದರು. ಹನ್ನೆರಡು ವರ್ಷದಿಂದ ಅವನ ಆಟ ನೋಡುತ್ತಿದ್ದೇನೆ, ಅವನು ಹಾಗೆಲ್ಲ ಕೈ ಎತ್ತುವವನಲ್ಲ ಎಂದರು. ಅತ್ತೆ ನಡುವೆ ಕೈಹಾಕಿ ಮೊಟ್ಟೆಯನ್ನು ಎತ್ತಿ ಮೊಮ್ಮಗಳ ತಟ್ಟೆಗೆ ಹಾಕಿದರು.

"ಗಾಳಿ ತುಂಬಿದ ಚರ್ಮಕ್ಕೆ ಅವರು ಒದೀತಾರೆ, ಒದೆ ತಿನ್ನೋದು ನಾವು. ಮಗು ಊಟ ಮಾಡ್ಲಿ."

ಮೊಮ್ಮಗಳು ಮೊಟ್ಟೆ ಮುಟ್ಟಲಿಲ್ಲ.

ಗಂಡನಿಗೆ ಪೇಟೆಯಲ್ಲಿ ಬೀಗ ರಿಪೇರಿ, ನಕಲಿ ಕೀ ಮಾಡಿಕೊಡುವ ಅಂಗಡಿ. ಅವನದು ಮಾತು ಕಡಿಮೆ. ಮಂಗಳವಾರ ಅವನು ಮನೆಗೆ ಬಂದಾಗ ಕೈಯಿಂದ ಪೇಂಟ್ ತಿನ್ನರಿನ ವಾಸನೆ ಬರುತ್ತಿತ್ತು. ಟೀಚರ್ ಏನೆಂದು ಕೇಳಿದಳು, ಏನಿಲ್ಲವೆಂದ. ಅದು ಗೊತ್ತಾದದ್ದು ಪಕ್ಕದ ಅಂಗಡಿಯ ದರ್ಜಿ ಅತ್ತೆಗೆ ಹೇಳಿದ ಮೇಲೆ. ಯಾರೋ ಅವನ ಅಂಗಡಿಯ ಶಟರಿನ ಬೀಗಗಳಿಗೆಲ್ಲ ಗೋಂದು ಸುರಿದಿದ್ದರು. ಊರಿನವರ ಬೀಗ ತೆಗೆಯುವವನು ತನ್ನದೇ ಬೀಗದ ಮುಂದೆ ಮಂಡಿಯೂರಿ ಮಧ್ಯಾಹ್ನದವರೆಗೆ ಕೂತಿದ್ದ. ನೋಡಿ ಹೋದವರು ನಕ್ಕರಂತೆ. ಸಂಜೆ ಅವನು ಹೊಸ ಚಿಲಕಗಳನ್ನು ತಂದು ಬೀದಿ ಬಾಗಿಲಿಗೆ ಕೂರಿಸಿದ. ಅವನು ತಿರುಪುಮೊಳೆ ಬಿಗಿಯುತ್ತಿರುವಾಗ ಮನೆಯವರೆಲ್ಲ ನಿಂತು ನೋಡಿದರು.

ತಂಡದವರು ಕೆಂಪು ಕಾರ್ಡಿನ ವಿರುದ್ಧ ಲೀಗಿನ ಶಿಸ್ತು ಸಮಿತಿಗೆ ದೂರು ಕೊಟ್ಟರು. ಹೊಡೆತ ತಿಂದ ಆಟಗಾರ ತನಗೆ ಏನೂ ನೆನಪಿಲ್ಲ, ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ ಎಂದಿದ್ದ. ಲೈನಿನ ಬದಿಯ ಸಹಾಯಕ ರೆಫರಿಗಳು ಚೆಂಡು ನೋಡುತ್ತಿದ್ದರು. ವಿಚಾರಣೆ ಮುಗಿಯುವವರೆಗೆ ಗೋಡೆಯನ್ನು ಆಡಿಸುವಂತಿರಲಿಲ್ಲ. ಟೀಚರಿನ ಮಾತು ನಿಂತರೆ ಅವನಿಗೆ ದೀರ್ಘ ನಿಷೇಧ. ಬಿದ್ದರೆ ಕೊನೆಯ ಪಂದ್ಯಕ್ಕೆ ಅವನು ವಾಪಸ್ಸು. ಊರಿನ ಬಾಯಲ್ಲೆಲ್ಲ ಒಂದೇ ವಾದ: ಕಣ್ಣೆದುರಿನ ಪೆನಾಲ್ಟಿ ಕಾಣದವಳಿಗೆ ಯಾರಿಗೂ ಕಾಣದ ಮೊಣಕೈ ಹೇಗೆ ಕಂಡಿತು?

ಮುಂದಿನ ಭಾನುವಾರ ಗೋಡೆಯಿಲ್ಲದ ತಂಡ ಇನ್ನೊಂದು ಸಲ ಸೋತಿತು. ಟೀ ಅಂಗಡಿಯ ಬೆಂಚಿನಲ್ಲಿ ಸರಿದು ಮಾವನಿಗೆ ಜಾಗ ಕೊಡುತ್ತಿದ್ದ ಗೆಳೆಯರು ಈಗ ಸರಿಯಲಿಲ್ಲ. ಅವರು ನಿಂತುಕೊಂಡೇ ಟೀ ಕುಡಿದು ಬಂದರು. ಮೊಮ್ಮಗಳು ಓದುತ್ತಿದ್ದದ್ದು ತಾಯಿಯ ಶಾಲೆಯಲ್ಲಲ್ಲ, ಬೇರೊಂದರಲ್ಲಿ. ಅಲ್ಲಿಯ ಬಸ್ಸಿನಲ್ಲಿ ಹುಡುಗಿಯರು ಕೆಂಪು ಕಾಗದದ ಚೂರುಗಳನ್ನು ಅವಳ ಮುಖಕ್ಕೆ ಹಿಡಿದು ಹೊರಗೆ, ಹೊರಗೆ ಎಂದರಂತೆ. ಅವಳಿಗೆ ಹನ್ನೊಂದು. ಮನೆಯಲ್ಲಿ ಅದನ್ನು ನಗುತ್ತಲೇ ಹೇಳಿದಳು, ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಟೀಚರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಅವಳನ್ನು ಕರೆದು, ಕೆಲವು ದಿನ ಮಕ್ಕಳನ್ನು ಬಯಲಿಗೆ ಕರೆದೊಯ್ಯುವುದು ಬೇಡ, ಒಳಗೇ ಏನಾದರೂ ಪಾಠ ಮಾಡಿ ಎಂದು ನಯವಾಗಿ ಹೇಳಿದರು. ಬಯಲಿನ ಬೇಲಿಯಾಚೆ ದಿನವೂ ಒಂದು ಬೈಕು ಬಂದು ನಿಲ್ಲುತ್ತಿತ್ತು. ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಏನೂ ಮಾಡುತ್ತಿರಲಿಲ್ಲ, ನಿಂತಿದ್ದು ಹೋಗುತ್ತಿತ್ತು.

ಅತ್ತೆ ತರಕಾರಿ ತರಲು ದೂರದ ಸಂತೆಬೀದಿಗೆ ಹೋಗತೊಡಗಿದರು. "ನೋಡಿದ್ದು ಸರಿಯಾಗಿ ನೆನಪಿಲ್ಲ ಅಂದ್ಬಿಡು," ಎಂದು ಆಲೂಗಡ್ಡೆ ಸುಲಿಯುತ್ತ ಸೊಸೆಗೆ ಹೇಳಿದರು. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು."

"ಅವನು ಬಿದ್ದಾಗ ಬಾಯಿಂದ ನೊರೆ ಬಂತು ಅತ್ತೆ. ಮುಖ ತಿರುಗಿಸಿ ಮಲಗಿಸಿದ್ದು ನಾನು. ನೆನಪಿಲ್ಲ ಅಂತ ಹೇಗೆ ಅನ್ನಲಿ?"

ಅಂದಿನಿಂದ ಅತ್ತೆ ಮೊಮ್ಮಗಳನ್ನು ಬಸ್ಸಿನವರೆಗೆ ತಾವೇ ಕೈಹಿಡಿದು ಬಿಡತೊಡಗಿದರು.

ವಿಚಾರಣೆಗೆ ಮುಂಚಿನ ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಎಲ್ಲರೂ ಇದ್ದಲ್ಲೇ ನಿಂತರು. ಗಂಡ ಕಿಟಕಿಯ ಸಂದಿನಿಂದ ನೋಡಿ, ತಂದೆಯ ಕಡೆ ತಿರುಗಿ, ಗೋಡೆ ಬಂದಿದ್ದಾನೆ ಎಂದ.

ಒಬ್ಬನೇ ಬಂದಿದ್ದ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. ಮಾವ ಗಡಿಬಿಡಿಯಲ್ಲಿ ತಮ್ಮ ಕುರ್ಚಿಯನ್ನೇ ಒರೆಸಿ ಕೊಟ್ಟರು. ಟೀ ಮಾಡು, ಬಿಸ್ಕತ್ತು ಇದೆಯಾ ನೋಡು ಎಂದು ಅತ್ತೆಗೆ ಎರಡೆರಡು ಸಲ ಹೇಳಿದರು. ಮೈದಾನದಲ್ಲಿ ಆನೆಯಂತೆ ಕಾಣುತ್ತಿದ್ದವನು ಹತ್ತಿರದಿಂದ ವಯಸ್ಸಾದವನಂತೆ ಕಂಡ. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ, ಕೂರುವಾಗ ಕೈಯೂರಿ ಕೂತ. ಇದೇ ತನ್ನ ಕೊನೆಯ ವರ್ಷ, ಹೀಗೆ ಮುಗಿದರೆ ತರಬೇತಿ ಕೆಲಸವನ್ನೂ ಯಾರೂ ಕೊಡುವುದಿಲ್ಲ, ಮನೆಯಲ್ಲಿ ಹೆಂಡತಿ ಮಾತು ಬಿಟ್ಟಿದ್ದಾಳೆ ಎಂದು ತಗ್ಗಿದ ದನಿಯಲ್ಲಿ ಹೇಳಿಕೊಂಡ. ಮಾವನ ಕಣ್ಣು ಒದ್ದೆಯಾಯಿತು.

ಆಮೇಲೆ ಟೀಚರಿನ ಕಡೆ ತಿರುಗಿದ.

"ಮೇಡಂ, ಅಲ್ಲಿದ್ದದ್ದು ನಾವು ಮೂರೇ ಜನ. ಅವನಿಗೆ ನೆನಪಿಲ್ಲ. ನಾನಂತೂ ಬಾಯಿ ಬಿಡಲ್ಲ. ನೀವು ಒಂದು ಮಾತು ನುಂಗಿಕೊಂಡ್ರೆ ಅದು ಆಗೇ ಇಲ್ಲ."

ಮಾವ ಟೀ ಲೋಟ ಚಾಚಿದ್ದವರು ಹಾಗೆಯೇ ಹಿಡಿದುಕೊಂಡು ನಿಂತರು.

ನಾನು ಯೋಚನೆ ಮಾಡುವಂಥದ್ದು ಏನೂ ಉಳಿದಿಲ್ಲ ಎಂದು ಟೀಚರ್ ಹೇಳಿದಳು. ಅವನು ತಲೆಯಾಡಿಸಿದ. ಸಿಟ್ಟು ಮಾಡಲಿಲ್ಲ. ಏಳುವಾಗ ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗಿಯನ್ನು ನೋಡಿ ನಕ್ಕ.

"ಸೇತುವೆ ಹತ್ತಿರದ ಶಾಲೆ ಅಲ್ವಾ ಪುಟ್ಟಾ? ಬಸ್ಸು ಆಚೆ ಬದೀಲಿ ಇಳಿಸುತ್ತೆ. ಅಲ್ಲಿ ರಸ್ತೆ ದಾಟೋವಾಗ ಹುಷಾರು."

ಅವನು ಹೋದ ಮೇಲೆ ಬಹಳ ಹೊತ್ತು ಯಾರೂ ಕೂರಲಿಲ್ಲ. ಅವನು ಹೇಳಿದ್ದು ಒಳ್ಳೆಯ ಮಾತೋ, ಬೇರೆಯದೋ ಎಂದು ಗಂಡ ಕೇಳಿದ. ಒಳ್ಳೆಯ ಮಾತೇ ಇರಬಹುದು, ಅವನಿಗೂ ಮಕ್ಕಳಿರಬಹುದು ಎಂದಳು ಟೀಚರ್. ಅತ್ತೆ, ಇವಳ ಶಾಲೆ ಅವನಿಗೆ ಹೇಗೆ ಗೊತ್ತು ಎಂದರು. ಸೋಮವಾರದಿಂದ ಹುಡುಗಿಯನ್ನು ಶಾಲೆಗೆ ಕಳಿಸುವುದು ಬೇಡವೆಂದು ತೀರ್ಮಾನವಾಯಿತು. ಮಾವ ಮಾತ್ರ ಅವನು ಮುಟ್ಟದೆ ಬಿಟ್ಟ ಟೀಯನ್ನು ತಾವೇ ಬಚ್ಚಲಿಗೆ ಚೆಲ್ಲಿ, ಲೋಟ ತೊಳೆದು, ಮತ್ತೊಮ್ಮೆ ತೊಳೆದರು. ಅವರು ಮನೆಯಲ್ಲಿ ಲೋಟ ತೊಳೆದದ್ದನ್ನು ಅತ್ತೆ ಅದುವರೆಗೆ ಕಂಡಿರಲಿಲ್ಲ.

ಮಧ್ಯಾಹ್ನ ಟೀಚರ್ ತಾನಾಗಿಯೇ ಮಾವನ ಪಕ್ಕ ಬಂದು ಕೂತು, ಆ ಪೆನಾಲ್ಟಿ ತೋರಿಸಿ ಎಂದಳು. ಅವರು ಟಿವಿ ಹಚ್ಚಿ ಹಳೆಯ ಪಂದ್ಯ ಹುಡುಕಿ ಕೊಟ್ಟರು. ಅವಳು ನೋಡಿದಳು. ಮುಂದೆ ಬಂದು ಇನ್ನೊಮ್ಮೆ ನೋಡಿದಳು. ಅವಳಿಗೂ ಚೆಂಡಿಗೂ ನಡುವೆ ಒಬ್ಬ ಆಟಗಾರ ಅಡ್ಡ ಬಂದಿದ್ದ. ಅವನ ಬೆನ್ನ ಹಿಂದೆ ಚೆಂಡು ಎದುರಾಳಿಯ ಚಾಚಿದ ಅಂಗೈಗೆ ಬಡಿದು ಎದೆಗೆ ಹಾರಿತ್ತು. ಅವಳಿಗೆ ಕಂಡದ್ದು ಆ ಎರಡನೆಯದು ಮಾತ್ರ.

"ನೀವು ಹೇಳಿದ್ದೇ ಸರಿ, ಮಾವ. ಕೈಗೆ ತಾಗಿದೆ."

ಇಷ್ಟು ದಿನ ಆ ಮಾತಿಗಾಗಿ ಜಗಳವಾಡಿದವರು ಹಿಗ್ಗಲಿಲ್ಲ. ಟಿವಿ ಆರಿಸಿದರು.

"ಆಯ್ತು. ನನಗೆ ಹೇಳಿದ್ಯಲ್ಲ, ಅಷ್ಟು ಸಾಕು. ಅಲ್ಲಿ ಹೇಳ್ಬೇಡ."

"ಅಲ್ಲಿ ಕೇಳ್ತಾರೆ."

"ಕೇಳಿದ್ರೆ ಎದೆಗೇ ತಾಗ್ತು ಅನ್ನು. ಒಂದು ತಪ್ಪು ಒಪ್ಪಿಕೊಂಡ್ರೆ ಎಲ್ಲಾ ತಪ್ಪು ಅಂತಾರೆ. ಅವನು ಗೆದ್ದು ಬರ್ತಾನೆ, ಆಮೇಲೆ ಊರು ನಮ್ಮನ್ನ ಬಿಡುತ್ತಾ?"

"ಇಷ್ಟು ದಿನ ಒಪ್ಕೋ ಒಪ್ಕೋ ಅಂತಿದ್ದೋರು ನೀವೇ ಅಲ್ವಾ?"

"ಆಗ ನಾನು ಆಟದ ಮಾತಾಡ್ತಿದ್ದೆ. ಈಗ ಮನೆ ಮಾತಾಡ್ತಿದೀನಿ."

ಗಂಡನೂ ಸೇರಿಕೊಂಡ. ಪೆನಾಲ್ಟಿಯ ವಿಷಯ ಮುಗಿದದ್ದು, ಅದರಿಂದ ಪಂದ್ಯದ ಫಲ ಬದಲಾಗುವುದಿಲ್ಲ, ಕೆದಕಿ ಏನು ಲಾಭ ಎಂದ. ಹಾವೂ ಸಾಯದೆ ಕೋಲೂ ಮುರಿಯದೆ ಬರುವ ದಾರಿ ನೋಡು ಎಂದ. ಅವಳು, ಮೊಣಕೈ ವಿಷಯದಲ್ಲಿ ನನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ, ಆ ಮಾತಿಗೆ ಸುಳ್ಳು ಬೆರೆಸಿದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ ಎಂದಳು. ದನಿಗಳು ಏರಿದವು. ಅತ್ತೆ ಒಳಗಿನಿಂದ ಬಂದು ಕಿಟಕಿಗಳನ್ನು ಮುಚ್ಚಿ, ಜಗಳ ಆಡೋದಿದ್ದರೆ ಮೆತ್ತಗೆ ಆಡಿ, ಹೊರಗೆ ಯಾರಿದ್ದಾರೋ ಗೊತ್ತಿಲ್ಲ ಎಂದರು. ಅವರು ಮೂವರೂ ಪಿಸುದನಿಯಲ್ಲಿ ಜಗಳ ಮುಂದುವರಿಸಿದರು. ಹುಡುಗಿ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಳು.

ವಿಚಾರಣೆಯ ದಿನ ಗಂಡ ಅಂಗಡಿ ತೆರೆಯದೆ ಮಗಳ ಜೊತೆ ಮನೆಯಲ್ಲಿ ಉಳಿದ. ಟೀಚರಿನ ಜೊತೆ ಮಾವ ಹೊರಟರು. ಒಂಟಿಯಾಗಿ ಕಳಿಸಲು ಅವರಿಗೆ ಧೈರ್ಯವಿರಲಿಲ್ಲ, ಜೊತೆಗೆ ಹೋಗಲೂ ಇರಲಿಲ್ಲ. ಬಸ್ಸಿನಲ್ಲಿ ಅವರು ಅವಳನ್ನು ಕಿಟಕಿಯ ಬದಿ ಕೂರಿಸದೆ ಒಳಬದಿಗೆ ಕೂರಿಸಿದರು. ದಾರಿಯುದ್ದಕ್ಕೂ ಒಂದೇ ಮಾತು: ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು.

ಕೇಳಿಯೇ ಕೇಳಿದರು. ತಂಡದ ವಕೀಲ ಎದ್ದು, ಪೆನಾಲ್ಟಿ ಕೊಡದೆ ಇದ್ದದ್ದು ಸರಿಯೇ ಎಂದು ಕೇಳಿದ. ಟೀಚರ್, ತಪ್ಪು ಎಂದಳು. ಕೋಣೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಬೆಂಚಿನಲ್ಲಿ ಮಾವ ಕಣ್ಣು ಮುಚ್ಚಿದರು. ಅವತ್ತು ನಿಮ್ಮ ಕಣ್ಣು ಮೋಸ ಮಾಡಿತು ಎಂದು ನೀವೇ ಒಪ್ಪುತ್ತೀರಿ, ಹಾಗಿದ್ದರೆ ಎರಡನೆಯದನ್ನು ಏಕೆ ನಂಬಬೇಕು ಎಂದು ಸಮಿತಿಯ ಅಧ್ಯಕ್ಷರೇ ಕೇಳಿದರು. ಅವಳು ನೇರ ಅವರನ್ನೇ ನೋಡಿ ಹೇಳಿದಳು.

"ಮೊದಲನೆಯದಕ್ಕೆ ಅಡ್ಡ ಒಬ್ಬ ನಿಂತಿದ್ದ, ನನಗೆ ಪೂರ್ತಿ ಕಾಣಿಸ್ಲಿಲ್ಲ. ಕಾಣಿಸಿದಷ್ಟಕ್ಕೆ ತೀರ್ಪು ಕೊಟ್ಟೆ, ತಪ್ಪಾಯ್ತು. ಎರಡನೆಯದಕ್ಕೆ ಯಾರೂ ಅಡ್ಡ ಇರ್ಲಿಲ್ಲ. ಮೊಣಕೈ ಹಿಂದಕ್ಕೆ ಹೋದದ್ದೂ ನೋಡಿದೆ, ತಾಗಿದ್ದೂ ನೋಡಿದೆ."

ಗೋಡೆ ಮೇಜಿನ ಮೇಲೆ ಕೈ ಜೋಡಿಸಿಟ್ಟುಕೊಂಡು ಕೂತಿದ್ದ. ಅವನನ್ನು ಕೇಳಿದಾಗ, ಚೆಂಡಿಗೆ ಎಗರುವಾಗ ಕೈ ಬೀಸಿರಬಹುದು, ಬೇಕೆಂದು ಹೊಡೆದಿಲ್ಲ ಎಂದ. ಹೇಳುವಾಗ ಅವನ ಕಣ್ಣು ಹಿಂದಿನ ಬೆಂಚಿನ ಮುದುಕನ ಮೇಲಿತ್ತು.

ತೀರ್ಪು ಎರಡು ದಿನದ ನಂತರ ಬಂತು. ಕೆಂಪು ಕಾರ್ಡ್ ಉಳಿಯಿತು. ಗೋಡೆಗೆ ಆ ವರ್ಷವೂ ಮುಂದಿನ ವರ್ಷದ ಅರ್ಧವೂ ನಿಷೇಧ. ಅದೇ ಕಾಗದದ ಕೊನೆಯಲ್ಲಿ ಟೀಚರಿನ ವಿಷಯವೂ ಇತ್ತು: ಪೆನಾಲ್ಟಿಯ ತಪ್ಪಿಗಾಗಿ ಮುಂದಿನ ಸೂಚನೆಯವರೆಗೆ ವೃತ್ತಿಪರ ಪಂದ್ಯಗಳಿಗೆ ಅವಳನ್ನು ಹಾಕುವಂತಿಲ್ಲ. ಅವಳು ಅದನ್ನು ಮಡಚಿ ಅತ್ತೆಯ ಕೈಗೆ ಕೊಟ್ಟು, ರೆಫರಿಯ ಕಪ್ಪು ಅಂಗಿಗಳನ್ನು ಒಗೆಯಲು ನೆನೆಹಾಕಿದಳು.

ಕೊನೆಯ ಪಂದ್ಯದ ದಿನ ಎಲ್ಲರೂ ಅತ್ತೆಯ ತಂಗಿಯ ಮನೆಗೆ ಹೋಗಿರೋಣ ಎಂದು ಗಂಡ ಚೀಲ ಕಟ್ಟಿದ್ದ. ಮಾವ ಬರುವುದಿಲ್ಲ ಎಂದರು. ಈ ಮನೆ ಕಟ್ಟಿಸಿದವನು ನಾನು, ಖಾಲಿ ಬಿಟ್ಟು ಹೋದರೆ ಸಂಜೆಗೆ ಕಿಟಕಿ ಇರುವುದಿಲ್ಲ ಎಂದರು. ಅವರೊಬ್ಬರನ್ನೇ ಬಿಡಲಾಗದೆ ಎಲ್ಲರೂ ಉಳಿದರು. ಚೀಲ ಬಾಗಿಲ ಬಳಿಯೇ ಇತ್ತು. ಮೈದಾನ ಅಲ್ಲಿಂದ ಅಷ್ಟು ದೂರವಲ್ಲ. ಗೋಲಾದರೆ ಊರೇ ಕೂಗುವ ಸದ್ದು ಮನೆಗೆ ಕೇಳುತ್ತಿತ್ತು. ಅವತ್ತು ಅಂಥ ಸದ್ದು ಬರಲೇ ಇಲ್ಲ. ಬಿಸಿಲು ಇಳಿಯುವ ಹೊತ್ತಿಗೆ, ತಂಡ ಸೋತಿತು, ಕೆಳಗೆ ಇಳಿಯಿತು ಎಂದು ರೇಡಿಯೊದಲ್ಲಿ ಬಂತು. ಅತ್ತೆ ಸೂಪಿಗೆ ಇಟ್ಟಿದ್ದ ಪಾತ್ರೆಯ ಉರಿ ಸಣ್ಣ ಮಾಡಿದರು.

ಮಾವ ತಮ್ಮ ಕುರ್ಚಿ ಎತ್ತಿಕೊಂಡು ಬಾಗಿಲ ಕಡೆ ನಡೆದರು. ಏನು ಮಾಡುತ್ತೀರಿ ಎಂದು ಮಗ ಅಡ್ಡ ನಿಂತ.

"ಬರೋರೆಲ್ಲ ನನಗೆ ಗೊತ್ತಿರೋರು. ನಾನು ಕಾಣಿಸಿದ್ರೆ ಸ್ವಲ್ಪ ನಾಚಿಕೆ ಆಗುತ್ತೆ. ಚಿಲಕ ಹಾಕ್ಕೋ."

ಹೊರಗೆ ಹೋಗಿ ಹೊಸ್ತಿಲ ಮುಂದೆ ಕುರ್ಚಿ ಹಾಕಿ ಕೂತರು. ಮಗ ಚಿಲಕ ಹಾಕಲಿಲ್ಲ. ಬಾಗಿಲ ಹಿಂದೆ ಕೈ ಒತ್ತಿ ನಿಂತ. ಟೀಚರ್ ಮಗಳನ್ನು ಹಿಂದಿನ ಕೋಣೆಗೆ ಕಳಿಸಿ ತಾನೂ ಅಲ್ಲಿಗೇ ಬಂದಳು.

ಜನ ಬಂದರು. ಮೊದಲು ಕಾಲಿನ ಸದ್ದು, ಆಮೇಲೆ ಮಾತು. ಹೆಚ್ಚಿನವರು ತಲೆತಗ್ಗಿಸಿ ದಾಟಿ ಹೋದರು. ಒಂದು ಗುಂಪು ನಿಂತಿತು. ಅದರಲ್ಲಿ ಟೀ ಅಂಗಡಿಯ ಬೆಂಚಿನವರೂ ಇದ್ದರು, ಮುಖ ಪರಿಚಯವಿಲ್ಲದ ತರುಣರೂ ಇದ್ದರು.

"ನಿಮ್ಮ ಸೊಸೆ ತಪ್ಪು ಒಪ್ಕೊಂಡ್ಳಂತೆ," ಎಂದ ಹಳೆಯ ಗೆಳೆಯ. ಬಸ್ಸಿನಲ್ಲಿ ಎಷ್ಟೋ ವರ್ಷ ಮಾವನ ಜೊತೆಗೆ ಕಂಡಕ್ಟರ್ ಆಗಿದ್ದವನು.

"ಹೌದು. ಪೆನಾಲ್ಟಿ ಕೊಡಬೇಕಿತ್ತು. ನಾನೂ ಮನೇಲಿ ಅದನ್ನೇ ಹೇಳ್ತಿದ್ದೆ."

"ಹಾಗಾದ್ರೆ ಗೋಡೆಗೂ ಅನ್ಯಾಯ ಆಯ್ತು."

ಮಾವ ಕೂತ ಕುರ್ಚಿಯ ಹಿಡಿಯನ್ನು ತಟ್ಟಿದರು.

"ಇಲ್ಲ. ಅವನು ನನ್ನ ಮನೇಲಿ, ಇದೇ ಕುರ್ಚಿ ಮೇಲೆ ಕೂತು, ಮಾತು ನುಂಗಿಕೊಳ್ಳಿ ಅಂದ. ಹೊಡೆದಿಲ್ಲ ಅಂತ ಅನ್ಲಿಲ್ಲ. ನನ್ನ ಕಿವಿಯಿಂದ ಕೇಳಿದೀನಿ."

ಸುಳ್ಳು ಎಂದು ಹಿಂದಿನಿಂದ ಒಬ್ಬ ಕೂಗಿದ. ಸೊಸೆಗೆ ಮಾರಿಕೊಂಡ ಮುದುಕ ಎಂದು ಇನ್ನೊಬ್ಬ. ಒಂದು ಬಾಟಲಿ ಹಾರಿ ಬಂದು ಬಾಗಿಲ ಪಕ್ಕದ ಗೋಡೆಗೆ ಬಡಿದು ಒಡೆಯಿತು. ಗಾಜಿನ ಚೂರುಗಳು ಮಾವನ ಕೂದಲಿನಲ್ಲಿ, ಹೆಗಲ ಮೇಲೆ ಉದುರಿದವು. ಅವರು ಕದಲಲಿಲ್ಲ. ಕಂಡಕ್ಟರ್ ತಿರುಗಿ, ಎಸೆದವನ ಕೊರಳಪಟ್ಟಿ ಹಿಡಿದು, ವಯಸ್ಸಾದವರು ಕೂತಿರೋದು ಕಾಣಿಸಲ್ವೇನೋ ಎಂದು ಗದರಿ ಮುಂದಕ್ಕೆ ತಳ್ಳಿಕೊಂಡು ಹೋದ. ಹೋಗುವಾಗ ಅವನೂ ಗೆಳೆಯನ ಮುಖ ನೋಡಲಿಲ್ಲ. ಗುಂಪು ಒಬ್ಬೊಬ್ಬರಾಗಿ ಕರಗಿತು.

ಒಡೆದ ಸದ್ದಿಗೆ ಮಗ ಬಾಗಿಲು ತೆರೆದಿದ್ದ. ಟೀಚರ್ ಹಿಂದಿನ ಕೋಣೆಯಿಂದ ಬರಿಗಾಲಲ್ಲಿ ಓಡಿ ಬಂದಳು. ಮಾವನ ತಲೆ, ಮುಖ, ಕೈ ಎಲ್ಲ ತಡವಿ ನೋಡಿದಳು. ರಕ್ತವಿರಲಿಲ್ಲ.

"ಒಳಗೆ ಬನ್ನಿ ಮಾವ."

"ಏಳೋಕೆ ಆಗ್ತಿಲ್ಲ ಅಮ್ಮಾ. ಅವರು ಬಂದಾಗಿಂದ ಕಾಲಲ್ಲಿ ಬಲಾನೇ ಇಲ್ಲ. ಧೈರ್ಯವಾಗಿ ಕೂತಿದ್ದೆ ಅಂತ ತಿಳ್ಕೊಂಡ್ರು. ಎದ್ದು ಓಡೋಕೂ ಆಗ್ತಿರಲಿಲ್ಲ."

ಗಂಡ ಹೆಂಡತಿ ಆಚೆಗೊಬ್ಬರು ಈಚೆಗೊಬ್ಬರು ಕುರ್ಚಿಯನ್ನು ಹಿಡಿದು, ಅವರನ್ನು ಕುರ್ಚಿಸಮೇತ ಎತ್ತಿದರು. ಹೊಸ್ತಿಲು ದಾಟುವಾಗ ಅವರು ಎರಡು ಕೈಯಲ್ಲೂ ಹಿಡಿಗಳನ್ನು ಬಿಗಿಯಾಗಿ ಹಿಡಿದಿದ್ದರು.

"ಆಟಗಾರರನ್ನ ಹೀಗೆ ಎತ್ಕೊಂಡು ಹೊರಗೆ ಹೋಗೋದು ನೋಡಿದ್ದೆ," ಎಂದರು. "ಒಳಗೆ ತರೋದು ಇದೇ ಮೊದಲು."

ಮೊಮ್ಮಗಳು ನಕ್ಕುಬಿಟ್ಟಳು, ನಗುತ್ತಲೇ ಅಳು ಬಂತು. ಅತ್ತೆ ಮಾವನ ಕೂದಲಿನಿಂದ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದು ತಟ್ಟೆಗೆ ಹಾಕಿದರು. ಆಮೇಲೆ ಬೇರೆ ತಟ್ಟೆಗಳನ್ನು ತಂದು ಸೂಪು ಬಡಿಸಿದರು. ಎಲ್ಲರಿಗೂ ಹಸಿವಾಗಿತ್ತು. ಬೀದಿಯಲ್ಲಿ ಬೈಕೊಂದು ಬಂದು ಮನೆಯ ಮುಂದೆ ನಿಧಾನವಾಯಿತು. ಐದೂ ಚಮಚಗಳು ನಿಂತವು. ಬೈಕು ಮುಂದೆ ಹೋಯಿತು. ಮೊದಲು ಟೀಚರ್ ಬಾಯಿಗೆ ಚಮಚ ಎತ್ತಿದಳು, ಆಮೇಲೆ ಉಳಿದವರು.